ಕೊಪ್ಪದ ಕಿವಿಗಂಬ

ಇಷ್ಟೊಂದು ರೊಟ್ಟಿಯನ್ನು ಯಾರು ತಿನ್ನುತ್ತಾರೆ?

ಬೇರೆ ಊರುಗಳಲ್ಲಿ ಬೆಳಗಿನ ಚಹಾದ ಹೊತ್ತಿಗೆ ನಿಂತುಹೋಗುವ ಬಡಿತ ಇಲ್ಲಿ ಬಿಸಿಲೇರಿದರೂ ನಿಲ್ಲುವುದಿಲ್ಲ. ನೆರೆ ಬಂದ ಮೇಲೆ ಊರಲ್ಲಿ ಜನ ಹೆಚ್ಚಾಗಿದ್ದಾರೆಯೇ? ಇಲ್ಲ, ಕಡಿಮೆಯಾಗಿದ್ದಾರೆ. ಹಾಗಾದರೆ ಹಸಿವು ಹೆಚ್ಚಾಗಿದೆಯೇ? ಹಸಿದವರ ಮನೆಯಲ್ಲಿ ಹಿಟ್ಟು ಎಲ್ಲಿಂದ ಬರಬೇಕು? ಯಂತ್ರ ತಪ್ಪು ಕೇಳಿಸಿಕೊಂಡಿದೆಯೋ, ಅದು ಸರಿಯಾಗಿ ಕೇಳಿಸಿಕೊಂಡದ್ದನ್ನು ನಾನು ತಪ್ಪಾಗಿ ತಿಳಿಯುತ್ತಿದ್ದೇನೋ?

ಗುರುಪಾದ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ತಟ್ ತಟ್ ತಟ್. ಜೋಳದ ಹಿಟ್ಟಿನ ಮೇಲೆ ಬೀಳುವ ಅಂಗೈ. ಅದರ ಹಿಂದೆ ಮಗ್ಗದ ಸಪ್ಪಳ. ಅದೂ ಹಾಗೆಯೇ. ಒಂದು ಮಗ್ಗ ನಡೆಯಬೇಕಾದ ಹೊತ್ತಿಗಿಂತ ಬಹಳ ಹೆಚ್ಚು ಹೊತ್ತು ನಡೆಯುತ್ತಿತ್ತು.

"ಏನ್ ಸರ್, ಮತ್ತ ಕೊಪ್ಪ?" ಎಂದಳು ಪಕ್ಕದ ಮೇಜಿನ ರೇಷ್ಮಾ. ಕೇಂದ್ರಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. "ಮದುವಿ ಸೀಜನ್ ಇರಬೇಕ್ರಿ. ನಮ್ಮ ಅತ್ತಿ ಊರಾಗೂ ಹಿಂಗ ಬಡೀತಾರ."

"ವರ್ಷಪೂರ್ತಿ ಮದುವಿ ಇರ್ತಾವೇನು?"

"ಅಂಕ ನೋಡ್ರಿಲ್ಲಿ. ಎಪ್ಪತ್ತೊಂದು. ಖುಷಿಪಡೋದು ಬಿಟ್ಟು ಮುಖ ಯಾಕ ಹಂಗ ಮಾಡ್ಕೊಂಡೀರಿ?"

ಅವನಿಗೂ ಗೊತ್ತಿರಲಿಲ್ಲ.

ಧಾರವಾಡದ ಆ ಆಲಿಕೆ ಕೇಂದ್ರದಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಊರುಗಳ ಹೆಸರು, ಹೆಸರಿನ ಎದುರು ಒಂದು ಅಂಕ. ವಿಪತ್ತುಗಳು ಒಂದರ ಬೆನ್ನಿಗೆ ಒಂದು ಬರತೊಡಗಿದ ಕಾಲ ಅದು. ಹಿಂದೆಲ್ಲ ಊರು ಮುಳುಗಿದರೆ ಮರುವಾರ ಲಾರಿಗಳು ಬರುತ್ತಿದ್ದವು. ಹಳೆಯ ಬಟ್ಟೆ, ಬಿಸ್ಕತ್ತಿನ ಪೊಟ್ಟಣಗಳನ್ನು ಇಳಿಸಿ, ಫೋಟೋ ತೆಗೆಸಿಕೊಂಡು ತಿಂಗಳೊಳಗೆ ಹೊರಟುಹೋಗುತ್ತಿದ್ದವು. ಊರು ನಿಜವಾಗಿ ಕುಸಿಯುತ್ತಿದ್ದದ್ದು ಅವು ಹೋದ ಮೇಲೆ. ಅದನ್ನು ಕಂಡ ಕೆಲವರು ಬೇರೆ ದಾರಿ ಹುಡುಕಿದರು: ಹೊರಗಿನವರು ಹೋಗಿ ಬಡಿಸುವುದು ಬೇಡ, ಊರಲ್ಲಿ ಮೊದಲಿನಿಂದ ಇರುವ ಸಂಘಕ್ಕೆ, ಅದು ಹೆಂಗಸರದ್ದಾಗಲಿ ನೇಕಾರರದ್ದಾಗಲಿ, ಬೇಕಾದಷ್ಟು ಕಾಲ ಕಾಳು, ನೂಲು, ಸಾಮಾನು ಒದಗಿಸುತ್ತ ಹೋಗೋಣ, ಹೇಗೆ ಹಂಚಬೇಕೆಂದು ಅವರೇ ತೀರ್ಮಾನಿಸಲಿ. ಆದರೆ ಬೇಕಾದಷ್ಟು ಕಾಲ ಎಂದರೆ ಎಷ್ಟು? ಅದನ್ನು ಹೇಳುವವರು ಯಾರು? ಅಧಿಕಾರಿಗಳನ್ನು ಕೇಳಿದರೆ ಸಾಕು ಎನ್ನುತ್ತಿದ್ದರು, ಊರವರನ್ನು ಕೇಳಿದರೆ ಇನ್ನೂ ಬೇಕು ಎನ್ನುತ್ತಿದ್ದರು.

ಆ ಜಗಳಕ್ಕೆ ಉತ್ತರವಾಗಿ ಹುಟ್ಟಿದ್ದು ಕಿವಿಗಂಬ. ಆಳೆತ್ತರದ ಕಂಬ, ತುದಿಯಲ್ಲಿ ಜರಡಿಯಂಥ ಬಲೆ, ಅದರೊಳಗೆ ಅತಿ ಸೂಕ್ಷ್ಮವಾದ ಮೈಕು. ಊರಿನ ಸಪ್ಪಳವನ್ನೆಲ್ಲ ಅದು ಕೇಳಿಸಿಕೊಂಡು, ನೆಮ್ಮದಿಯಾಗಿರುವ ಊರೊಂದರ ಸಪ್ಪಳದೊಂದಿಗೆ ಹೋಲಿಸಿ ನೋಡುತ್ತಿತ್ತು. ರೊಟ್ಟಿ, ಮಗ್ಗ, ಮಕ್ಕಳ ಗದ್ದಲ ಅಂಕವನ್ನು ಏರಿಸುತ್ತಿದ್ದವು. ಕೆಮ್ಮು, ಅಳು, ನಿದ್ದೆಗೆಟ್ಟವರ ಓಡಾಟ ಇಳಿಸುತ್ತಿದ್ದವು. ಎಪ್ಪತ್ತು ದಾಟಿ ಒಂದು ಹಂಗಾಮು ನಿಂತಿತೆಂದರೆ ಊರು ಎದ್ದು ನಿಂತಿದೆ ಎಂದು ಲೆಕ್ಕ. ನೆರವು ಮುಂದಿನ ಊರಿಗೆ ಹೋಗುತ್ತಿತ್ತು.

ಅದರಲ್ಲಿ ಗುರುಪಾದನದೇ ಎನ್ನಬಹುದಾದ ಭಾಗ ಒಂದಿತ್ತು. ಕಂಬ ಮನುಷ್ಯರ ಮಾತನ್ನು ಇಟ್ಟುಕೊಳ್ಳಕೂಡದು ಎಂದು ಪಟ್ಟು ಹಿಡಿದವನು ಅವನು. ನೊಂದವರು ಏನು ಮಾತಾಡಿಕೊಳ್ಳುತ್ತಾರೆಂದು ಧಾರವಾಡದಲ್ಲಿ ಕುಳಿತು ಕದ್ದು ಕೇಳುವುದು ಹೇಸಿಗೆ ಎಂಬುದು ಅವನ ನಂಬಿಕೆ. ಹಾಗಾಗಿ ಮಾತು ಬಂದ ಗಳಿಗೆಯಲ್ಲೇ ಕಂಬದೊಳಗಿನ ಯಂತ್ರ ಅದನ್ನು ಅಳಿಸುತ್ತಿತ್ತು. ಪರದೆಯ ಮೇಲೆ ಆ ಜಾಗದಲ್ಲಿ ಒಂದು ಬೂದು ಪಟ್ಟಿ ಮಾತ್ರ ಉಳಿಯುತ್ತಿತ್ತು. ಇಲ್ಲಿ ಯಾರೋ ಮಾತಾಡಿದರು, ಅಷ್ಟೇ. ಜನ ಮಾತಾಡಿಕೊಳ್ಳುವುದು ಒಳ್ಳೆಯ ಲಕ್ಷಣವಾದ್ದರಿಂದ ಬೂದು ಪಟ್ಟಿಗೂ ಸ್ವಲ್ಪ ಅಂಕವಿತ್ತು.

ಕೊಪ್ಪದಲ್ಲಿ ಬೂದು ಪಟ್ಟಿಗಳು ಉಳಿದ ಎಲ್ಲ ಊರುಗಳಿಗಿಂತ ಹೆಚ್ಚಾಗಿದ್ದವು.

*

ಮನೆಯಲ್ಲಿ ಮಂದಾಕಿನಿ ರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದಳು. ಮೂಲೆಯ ಖಾನಾವಳಿಯಿಂದ ತಂದದ್ದು. ಇಬ್ಬರೂ ದುಡಿಯುವವರು, ಆಕೆ ಕನ್ಯಾಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ತಟ್ಟೆ ಇಡುವ ಸದ್ದು, ನೀರು ಬಗ್ಗಿಸುವ ಸದ್ದು, ಆಮೇಲೆ ಏನೂ ಇಲ್ಲ. ಹದಿನೈದು ವರ್ಷದ ದಾಂಪತ್ಯದಲ್ಲಿ ಅವರು ಜಗಳವಾಡಿದ್ದು ಕಡಿಮೆ. ಬಹಳ ಮಂದಿ ಅದನ್ನು ಹೊಗಳುತ್ತಿದ್ದರು.

"ಒಂದ್ ಮಾತ್ ಕೇಳ್ಲಿ?" ಎಂದಳು ಆಕೆ. "ನಮ್ಮನಿ ಅಂಗಳದಾಗ ನಿಮ್ಮ ಕಂಬ ನೆಟ್ರ ಎಷ್ಟು ಅಂಕ ಬರ್ತದ?"

ಅವನು ನಕ್ಕ.

"ನಗಬ್ಯಾಡ್ರಿ. ರೊಟ್ಟಿ ಬಡ್ಯೋದಿಲ್ಲ, ಮಕ್ಕಳ ಗದ್ದಲ ಇಲ್ಲ, ಮಾತಂತೂ ಮೊದಲ ಇಲ್ಲ. ಹೊಳಿ ಬಂದು ಹೋದ ಮರುದಿನದ ಅಂಕ ಬರ್ತದ. ನಾಳೆ ಲಾರಿ ತುಂಬ ಜ್ವಾಳ ಕಳಿಸ್ತಾರ ನೋಡ್ರಿ, ಬೀಸಿಸಿ ತರೋ ಕೆಲಸ ನಿಮ್ಮದು."

"ಮಾತಾಡ್ಲಿಕ್ಕೆ ಏನದ ಹೇಳು?"

"ಅದನ್ನೂ ನಾನ ಹೇಳಬೇಕೇನು?"

ಅವನು ರೊಟ್ಟಿ ಮುರಿದ. ತಣ್ಣಗಿತ್ತು. ಸಪ್ಪಳವಿಲ್ಲದ ಮನೆ ದುಃಖದ ಮನೆಯೇ ಆಗಬೇಕಿಲ್ಲವಾದರೆ, ಸಪ್ಪಳ ತುಂಬಿದ ಊರು ಸುಖದ ಊರೇ ಆಗಬೇಕಿಲ್ಲ ಎಂದು ಆಗ ಹೊಳೆಯಿತು. ಹೆಂಡತಿಗೆ ಅದನ್ನು ಹೇಳಬಹುದಿತ್ತು. "ನಾಳೆ ಕೊಪ್ಪಕ್ಕ ಹೋಗಿ ಬರ್ತೀನಿ," ಎಂದಷ್ಟೇ ಅಂದ.

*

ಕೊಪ್ಪವೆಂದರೆ ಎರಡು ಕೇರಿ. ದಿನ್ನೆಯ ಮೇಲೆ ಮೇಲಿನಕೊಪ್ಪ. ಹೊಳೆದಂಡೆಗೆ ಕೆಳಗಿನಕೊಪ್ಪ ಇತ್ತು, ಈಗ ಇಲ್ಲ. ಮಲಪ್ರಭೆ ಅದನ್ನು ಒಂದೇ ಹೊತ್ತಿನಲ್ಲಿ ಒಯ್ದಿತ್ತು. ಉಳಿದವರಿಗೆ ದಿನ್ನೆಯ ಹಿಂದಿನ ಬಂಡೆಗಲ್ಲಿನ ಬಯಲಿನಲ್ಲಿ ತಗಡಿನ ಶೆಡ್ಡುಗಳನ್ನು ಹಾಕಿಕೊಟ್ಟಿದ್ದರು. ಸರಕಾರದ ನಕ್ಷೆಯಲ್ಲಿ ಎರಡೂ ಸೇರಿ ಒಂದೇ ಊರು. ಹೀಗಾಗಿ ಕಂಬಗಳೂ ಎರಡು ಕೇರಿಯ ಸಪ್ಪಳವನ್ನು ಒಟ್ಟಿಗೇ ಲೆಕ್ಕ ಹಾಕುತ್ತಿದ್ದವು.

ಮೇಲಿನಕೊಪ್ಪದ ನಳದ ಕಟ್ಟೆಯ ಪಕ್ಕದಲ್ಲೇ ಮುಖ್ಯ ಕಂಬ. ಗುರುಪಾದ ಜೀಪಿನಿಂದ ಇಳಿದು ಅದನ್ನು ನೋಡಿ ನಿಂತುಬಿಟ್ಟ. ಕಂಬದ ಬುಡಕ್ಕೆ ಕುಂಕುಮ ಹಚ್ಚಿದ್ದರು. ಊದಿನಕಡ್ಡಿಯ ಬೂದಿ ಬಿದ್ದಿತ್ತು.

"ಬರ್ರಿ ಸಾಹೇಬ್ರ, ಬರ್ರಿ," ಎಂದು ಕೊಡ ಕೆಳಗಿಟ್ಟು ಬಂದಳು ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಅವಳೇ ಫಕೀರವ್ವ, ಬುತ್ತಿ ಸಂಘದ ಮುಖ್ಯಸ್ಥೆ; ಕೇಂದ್ರದಿಂದ ಬರುವ ಜೋಳ, ನೂಲೆಲ್ಲ ಅವಳ ಸಂಘಕ್ಕೇ ಬರುತ್ತಿದ್ದವು. "ಕುಂಕುಮ ನೋಡಿ ಗಾಬರಿ ಆಗಬ್ಯಾಡ್ರಿ. ನಾ ಊದಿನಕಡ್ಡಿ ಹಚ್ಚತೀನಿ, ಈ ಖಾಜಾಬಿ ಲೋಬಾನ ಹಾಕ್ತಾಳ. ಕಂಬ ಯಾವ ಜಾತೀದಂತ ನಿಮ್ಮ ಆಫೀಸಿನವರು ಹೇಳಿಲ್ಲಲ್ಲ, ಅದಕ್ಕ ಎರಡೂ ಮಾಡ್ತೀವಿ."

"ಇಕಿ ಹಚ್ಚೋ ಕಡ್ಡೀನೂ ನನ್ನ ಅಂಗಡೀದ ಉದ್ರೀರಿ," ಎಂದಳು ಖಾಜಾಬಿ, ಕೊಡಕ್ಕೆ ನೀರು ಹಿಡಿಯುತ್ತ. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು.

ಗುರುಪಾದನಿಗೆ ಫಕೀರವ್ವನ ಮನೆಯಲ್ಲೇ ಊಟವಾಯಿತು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಅವನು ತಿನ್ನುತ್ತಿದ್ದಾಗಲೂ ಒಲೆಯ ಮುಂದೆ ಕುಳಿತ ಸೊಸೆ ಬಡಿಯುತ್ತಲೇ ಇದ್ದಳು. ಬುಟ್ಟಿಯಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಏರುತ್ತಿತ್ತು.

"ಇಷ್ಟೊಂದು ಯಾರಿಗ್ರಿ?"

"ಕೆಳಗಿನವರಿಗೆ. ಮತ್ಯಾರಿಗೆ?"

"ಅವರಿಗೆ ಜ್ವಾಳ ಕೊಟ್ಟರ ಅವರ ಬಡ್ಕೋತಾರಲ್ಲ?"

ಸೊಸೆಯ ಕೈ ಒಂದು ಗಳಿಗೆ ನಿಂತಿತು. ಫಕೀರವ್ವ ಅವನನ್ನು, ಮದುವೆಯ ಮನೆಯಲ್ಲಿ ಕೇಳಬಾರದ್ದನ್ನು ಕೇಳಿದ ಎಳೆಯನನ್ನು ನೋಡುವಂತೆ ನೋಡಿದಳು.

"ಸತ್ತ ಮನ್ಯಾಗ ಹಂಚ ಏರಸೂದಿಲ್ರಿ. ನೆರಿಯವರು ಬುತ್ತಿ ಒಯ್ಯೂದು. ನಿಮ್ಮ ಕಡೆ ಇಲ್ಲೇನು?"

"ಐತ್ರಿ. ಮೂರು ದಿನ, ಐದು ದಿನ."

"ಹೆಣ ಸಿಕ್ಕರ ಐದು ದಿನ. ಹೊಳಿ ಒಯ್ದು ಹೆಣ ಸಿಗಲಿಲ್ಲಂದ್ರ, ನಮ್ಮ ಕೊಪ್ಪದಾಗ ಮೂರು ಸಲ ಹೊಳಿ ತುಂಬಿ ಇಳೀಬೇಕು. ಅಲ್ಲೀತನಾ ಆ ಮನ್ಯಾಗ ರೊಟ್ಟಿ ಸಪ್ಪಳ ಆಗಬಾರದು. ಮೂರನೇದು ಇಳಿದ ಮ್ಯಾಲೆ ತವರಮನಿಯವರು ಹೋಗಿ ಒಲಿ ಹಚ್ಚಿ, ಹಂಚ ಇಟ್ಟು, ಮೊದಲನೇ ರೊಟ್ಟಿ ಬಡಿದು ಬರ್ತಾರ. ಆಮ್ಯಾಲೆ ಅವರು ಎದ್ದರು ಅಂತ." ಆಕೆ ಬುಟ್ಟಿಗೆ ಬಟ್ಟೆ ಮುಚ್ಚಿದಳು. "ಕೆಳಗ ಹೊಳಿ ಒಬ್ಬರನ್ನರ ಒಯ್ಯದ ಮನಿ ಇಲ್ಲ. ಎರಡ ಸಲ ತುಂಬಿ ಇಳದೈತಿ. ಇನ್ನೊಂದ ಮಳಿಗಾಲ. ನನ್ನ ಮಗಳು ಗೌರವ್ವನ್ನ ಕೆಳಗ ಕೊಟ್ಟಿದ್ನಿ. ಅಳಿಯ ಎಮ್ಮಿ ಬಿಚ್ಚಾಕ ಹೋದಾವ ಬರಲಿಲ್ಲ. ಮೂರನೇ ಹೊಳಿ ಇಳಿದ ದಿನ ನಾನ ಹೋಗಿ ಅಕಿ ಒಲಿ ಹಚ್ಚಬೇಕು."

ಆಕೆ ಬುಟ್ಟಿ ಹೊತ್ತು ಹೊರಟಾಗ ಅವನೂ ಹಿಂದೆ ಹೋದ. ಪ್ರತಿ ಮನೆಯಿಂದಲೂ ಒಬ್ಬೊಬ್ಬಳು ಬುಟ್ಟಿಯೊಂದಿಗೆ ಬೀದಿಗೆ ಬರುತ್ತಿದ್ದಳು. ದಾರಿಯಲ್ಲಿ ಒಂದು ಮನೆಯ ಕುಣಿಮಗ್ಗದ ಮುಂದೆ ಇಬ್ಬರು ಗಂಡಸರು. ಒಬ್ಬ ಕುಣಿಯಿಂದ ಕಾಲೆತ್ತಿ ಮೇಲೆ ಬರುತ್ತಿದ್ದಂತೆ ಇನ್ನೊಬ್ಬ ಇಳಿದು ಕುಳಿತ. ಶೆಡ್ಡಿನ ಕೆಳಗೆಲ್ಲ ಬಂಡೆ. ಅಲ್ಲಿ ಮಗ್ಗಕ್ಕೆ ಕುಣಿ ತೋಡಲಾಗುವುದಿಲ್ಲ. ಹಾಗಾಗಿ ಮೇಲಿನವರು ಅರ್ಧ ದಿನ ನೇಯ್ದು, ಉಳಿದ ಅರ್ಧ ದಿನ ಕೆಳಗಿನವರಿಗೆ ಮಗ್ಗ ಬಿಟ್ಟುಕೊಡುತ್ತಿದ್ದರು.

ತಗಡಿನ ಶೆಡ್ಡುಗಳು ಬಿಸಿಲಿಗೆ ಕಾದಿದ್ದವು. ಗೌರವ್ವ ಹೊಸ್ತಿಲಲ್ಲೇ ರೊಟ್ಟಿ ತೆಗೆದುಕೊಂಡಳು. ಒಳಗೆ ಗೋಡೆಗೆ ಒರಗಿಸಿಟ್ಟ ರೊಟ್ಟಿಯ ಹಂಚು ಕಾಣುತ್ತಿತ್ತು. ಮಸಿಯಿರಲಿಲ್ಲ.

"ಒಲಿ ಹಚ್ಚೋ ದಿನಕ್ಕಂತ ಹಂಚ ತೊಳದಿಟ್ಟಾಳ," ಎಂದಳು ಫಕೀರವ್ವ, ಹಿಂದಿರುಗುವಾಗ. ಅಷ್ಟೇ ಹೇಳಿದಳು.

ಗುರುಪಾದನಿಗೆ ಈಗ ಎಲ್ಲವೂ ಅರ್ಥವಾಯಿತು. ಎರಡು ಕೇರಿಯ ರೊಟ್ಟಿಯನ್ನು ಒಂದು ಕೇರಿ ಬಡಿಯುತ್ತಿತ್ತು. ಎರಡು ಕೇರಿಯ ಬಟ್ಟೆಯನ್ನು ಒಂದು ಕೇರಿಯ ಮಗ್ಗಗಳು ನೇಯುತ್ತಿದ್ದವು. ಕಂಬ ಅದನ್ನು ಸಮೃದ್ಧಿ ಎಂದು ಓದಿತ್ತು.

"ಫಕೀರವ್ವಾರ," ಎಂದ, ನಳದ ಕಟ್ಟೆಯ ಹತ್ತಿರ ಬಂದಾಗ. "ಇದನ್ನೆಲ್ಲ ನಮ್ಮ ಕೇಂದ್ರಕ್ಕ ಯಾಕ ತಿಳಿಸಲಿಲ್ಲ? ಸಂಘದಿಂದ ಒಂದು ಫೋನ್ ಆದ್ರೂ ಮಾಡಬೇಕಾಗಿತ್ತು."

ಆಕೆ ನಿಂತಳು.

"ಹೇಳೇವಲ್ರಿ!"

"ಯಾರಿಗೆ?"

"ಯಾರಿಗಂದ್ರ?" ಆಕೆ ಕಂಬದ ಕಡೆ ಕೈ ತೋರಿಸಿದಳು. "ದಿನಾ ಹೇಳತೀವಿ. ಯಾರ ಮನ್ಯಾಗ ಎಷ್ಟು ರೊಟ್ಟಿ ಒಯ್ದಿವಿ, ಯಾರು ಉಂಡಿಲ್ಲ, ಯಾರಿಗೆ ಜ್ವರ. ಹೋದ ವಾರ ನೂಲು ಕಡಿಮಿ ಬಂದಿದ್ದೂ ಹೇಳೀವಿ. ಬೇಕಾದ್ರ ಖಾಜಾಬೀನ್ನ ಕೇಳ್ರಿ."

"ನಾ ಅಂತೂ ನಿಂತು ಪೂರಾ ಹೇಳಿ ಹೋಗ್ತೀನ್ರಿ," ಎಂದಳು ಖಾಜಾಬಿ. "ಇಕಿ ಗಡಬಡಿಸಿ ಹೇಳ್ತಾಳ. ಅರ್ಧಾ ತಿಳಿದಿರಾಕಿಲ್ಲ ಅದಕ."

"ಮೊದಲೆಲ್ಲಾ ಹೊಳಿ ಮುಂದ ಹೇಳತಿದ್ವಿ," ಎಂದಳು ಫಕೀರವ್ವ. "ಬಟ್ಟಿ ಒಗಿಯಾಕ ಹೋದಾಗ ಒಳಗಿಂದೆಲ್ಲಾ ಹೇಳಿ ಬರೂದು. ನಮ್ಮವ್ವ, ಅವರವ್ವ ಎಲ್ಲಾರೂ ಹಂಗ. ಹೊಳಿ ಹಿಂಗ ಮಾಡಿದ ಮ್ಯಾಲೆ ಅದರ ಜೋಡಿ ಮಾತ ಬಿಟ್ಟೀವಿ. ಒಬ್ಬಾಕಿನೂ ಮಾತಾಡೂದಿಲ್ಲ. ಅಷ್ಟರಾಗ ನೀವು ಈ ಕಂಬ ತಂದು ನೆಟ್ರಿ."

ಕಂಬ ನೆಟ್ಟ ದಿನ ಅವನೇ ಬಂದಿದ್ದ. ತಂತಿ ಜೋಡಿಸಿ, ಪರೀಕ್ಷೆ ಮಾಡಿ, ಹೊತ್ತಾಯಿತೆಂದು ಹೊರಟಿದ್ದ. ಅದು ಏನು ಮಾಡುತ್ತದೆಂದು ಹೆಂಗಸರಿಗೆ ಬಿಡಿಸಿ ಹೇಳುವುದು ಅವನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

"ಮತ್ತ ನಿಮ್ಮ ಮುಂದ ಯಾಕ ಇನ್ನೊಮ್ಮೆ ಹೇಳೂದು?" ಎಂದು ಫಕೀರವ್ವ ಕೊಡವನ್ನು ಸೊಂಟಕ್ಕೇರಿಸಿದಳು. "ಕಷ್ಟ ಒಂದು ಸಲ ಹೇಳಿದ್ರ ಹೇಳಿಕಿ. ಎರಡನೇ ಸಲ ಹೇಳಿದ್ರ ಭಿಕ್ಷಾ. ನಾವು ಬುತ್ತಿ ಕೊಡೋ ಮಂದಿ ಅದೀವಿ, ಸಾಹೇಬ್ರ."

ಬೂದು ಪಟ್ಟಿಗಳು ಅವನ ಕಣ್ಣಮುಂದೆ ಬಂದವು. ಬೆಳಗಿನಿಂದ ಸಂಜೆಯವರೆಗೆ ಸಾಲುಸಾಲಾಗಿ. ಒಂದೊಂದು ಪಟ್ಟಿಯೂ ಒಬ್ಬ ಹೆಂಗಸಿನ ದುಃಖ. ಒಂದೊಂದಕ್ಕೂ ಸ್ವಲ್ಪ ಅಂಕ. ಅವರು ಅತ್ತು ಹೇಳಿದಷ್ಟೂ ಊರು ಎದ್ದು ನಿಂತಂತೆ ಯಂತ್ರ ಬರೆದುಕೊಂಡಿತ್ತು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದ ಕೂಡ. ಆದರೆ ಕಟ್ಟೆಯ ಮೇಲೆ ಆ ಹೊತ್ತಿಗೆ ಒಬ್ಬ ಮುದುಕಿ ಬಂದು ಕಂಬದ ಎದುರು ನಿಂತಿದ್ದಳು. ಸೆರಗನ್ನು ತಲೆಗೆ ಎಳೆದುಕೊಂಡು, ತುಟಿ ಅಲುಗಿಸುತ್ತ ಏನೋ ಹೇಳುತ್ತಿದ್ದಳು. ಉಳಿದವರು ದನಿ ತಗ್ಗಿಸಿ ಆಕೆಗೆ ಜಾಗ ಬಿಟ್ಟಿದ್ದರು. ಹೇಳಿ ಮುಗಿಸಿ ಮೂಗು ಒರೆಸಿಕೊಂಡು ಹಗುರವಾಗಿ ಕೊಡ ಎತ್ತಿಕೊಂಡು ಹೋದಳು.

"ಏನಂತೈತ್ರಿ ನಮ್ಮ ಕಂಬ?" ಎಂದು ಕೇಳಿದಳು ಫಕೀರವ್ವ. "ಇನ್ನೊಂದು ಮಳಿಗಾಲ ನಡಸ್ತಾರಂತೇನು?"

"ಸಭಾ ಐತ್ರಿ," ಎಂದ ಅವನು. "ನೋಡೂಣು."

*

ಸಭೆಯ ಅಧ್ಯಕ್ಷೆ ಸುನಂದಾ ತೊರಗಲ್. ಮಾತು ಕಡಿಮೆ, ನ್ಯಾಯವಾಗಿ ನಡೆಯುವವರು. ಹೊಸ ಪದ್ಧತಿಯನ್ನು ಉಳಿಸಲು ಅವರು ಪಟ್ಟ ಪಾಡು ಗುರುಪಾದನಿಗೆ ಗೊತ್ತಿತ್ತು. ಕಂಬ ತಪ್ಪು ಮಾಡಿತೆಂದು ಎಲ್ಲಾದರೂ ಒಂದು ಕಡೆ ಸಿಕ್ಕರೆ ಸಾಕು, ಸಂಘಗಳ ಕೈಗೆ ಏನೂ ಕೊಡಬೇಡಿ, ಮೊದಲಿನಂತೆ ಗುತ್ತಿಗೆದಾರರ ಲಾರಿಗಳೇ ಹೋಗಲಿ ಎನ್ನುವವರು ಮೇಲೆ ಬಹಳ ಜನರಿದ್ದರು.

ಪರದೆಯ ಮೇಲೆ ಕೊಪ್ಪದ ಹೆಸರು ಬಂತು. ಎಪ್ಪತ್ತನ್ನು ದಾಟಿ ಒಂದು ಹಂಗಾಮು. ಅದರ ಕೆಳಗೆ ಕೃಷ್ಣೆಯ ದಂಡೆಯ ಹೊಸ ಊರುಗಳ ಹೆಸರು. ಅವುಗಳ ಅಂಕ ಹತ್ತೊಂಬತ್ತು, ಇಪ್ಪತ್ತು. ಅಲ್ಲಿ ಮಕ್ಕಳ ಸದ್ದೇ ಇರಲಿಲ್ಲ. ಕೊಪ್ಪದ ಜೋಳ ಅಲ್ಲಿಗೆ ಹೋಗಬೇಕಿತ್ತು.

"ನಿಯಮದ ಪ್ರಕಾರ," ಎಂದರು ಸುನಂದಾ, "ಮುಚ್ಚೋ ಮುಂಚೆ ಮನುಷ್ಯರ ಮಾತು ಕೇಳಬೇಕು. ಯಂತ್ರ ಹೇಳಿದ್ದಕ್ಕೆ ವಿರುದ್ಧವಾಗಿ, ಊರು ನೋಡಿ ಬಂದವರು ಯಾರಾದರೂ ಹೇಳೋದಿದ್ದರೆ ಹೇಳಬಹುದು."

ಆ ನಿಯಮವನ್ನು ಬರೆಸಿದ್ದೂ ಗುರುಪಾದನೇ. ಯಂತ್ರಕ್ಕೆ ಕೊನೆಯ ಮಾತು ಕೊಡಬಾರದೆಂದು ವಾದಿಸಿ ಬರೆಸಿದ್ದ. ರೇಷ್ಮಾ ಅವನ ಕಡೆ ತಿರುಗಿ ನೋಡಿದಳು. ಅವನು ಕೊಪ್ಪಕ್ಕೆ ಹೋಗಿಬಂದದ್ದು ಅವಳಿಗೆ ಗೊತ್ತಿತ್ತು.

"ಗುರುಪಾದ, ನೀವು ಹೋಗಿದ್ದಿರಲ್ಲ?"

"ಹೋಗಿದ್ದೆ ಮೇಡಂ. ಇನ್ನೊಂದು ಸಲ ನೋಡೋದು ಒಳ್ಳೆಯದು ಅನಿಸುತ್ತೆ."

"ಯಂತ್ರ ತಪ್ಪು ಹೇಳಿದೆಯಾ?"

ಮೇಜಿನ ಆ ತುದಿಯಲ್ಲಿ ಯಾರೋ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ತಪ್ಪು ಎಂದರೆ ಎಲ್ಲ ಊರುಗಳ ಅಂಕವೂ ತಪ್ಪಾಗುತ್ತದೆ. ಹತ್ತೊಂಬತ್ತರ ಊರುಗಳು ಕಾಯುತ್ತವೆ. ಲಾರಿಗಳು ಮರಳಿ ಬರುತ್ತವೆ. ಇನ್ನು ನಿಜ ನೋಡಿದರೆ ಯಂತ್ರ ತಪ್ಪು ಹೇಳಿರಲಿಲ್ಲ. ಆದ ಸಪ್ಪಳವನ್ನೇ ಕೇಳಿಸಿಕೊಂಡಿತ್ತು. ಇಷ್ಟೆಲ್ಲ ಅವನ ಮನಸ್ಸಿನಲ್ಲಿ ಹಾದುಹೋಯಿತು. ಆದರೆ ಇವು ಯಾವುವೂ ನಿಜವಾದ ಕಾರಣವಲ್ಲವೆಂದೂ ಅವನಿಗೆ ಗೊತ್ತಿತ್ತು. ಹೇಳಬೇಕಾದ ಗಳಿಗೆ ಎದುರಿಗೆ ಬಂದಾಗಲೆಲ್ಲ ಅವನೊಳಗೆ ಏನೋ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೆಂಡತಿಯ ಎದುರೂ ಹಾಗೆಯೇ.

"ತಪ್ಪು ಅಂತ ಅಲ್ಲ," ಎಂದ.

ಸುನಂದಾ ಸ್ವಲ್ಪ ಕಾಯ್ದರು. ನಿಜವಾಗಿಯೂ ಕಾಯ್ದರು. ಆಮೇಲೆ ಹಾಳೆ ತಿರುಗಿಸಿದರು.

*

ಬಾಕಿ ಉಳಿದ ಜೋಳ ಮುಗಿಯುವವರೆಗೆ ಕೊಪ್ಪದ ಸಪ್ಪಳ ಮೊದಲಿನಂತೆಯೇ ಇತ್ತು. ಆಮೇಲೆ ಒಂದೊಂದಾಗಿ ಇಳಿಯತೊಡಗಿತು. ಕಂಬಗಳನ್ನು ಕಿತ್ತು ತರುವವರೆಗೆ ಅವು ಕೇಳುತ್ತಲೇ ಇರುತ್ತವೆ. ಗುರುಪಾದ ಪ್ರತಿದಿನ ಹೆಡ್‌ಫೋನ್ ಹಾಕಿ ಕೂರುತ್ತಿದ್ದ.

ನೂಲು ಸಾಲದೆ ಮೊದಲು ನಿಂತದ್ದು ಮಗ್ಗದ ಎರಡನೇ ಪಾಳಿ. ಆಮೇಲೆ ರೊಟ್ಟಿಯ ಬಡಿತ ದಿನದಿನಕ್ಕೆ ಬೇಗ ನಿಲ್ಲತೊಡಗಿತು. ಬಿಸಿಲೇರುವ ಮುಂಚೆ ನಿಂತಿತು. ಚಹಾದ ಹೊತ್ತಿಗೆ ನಿಂತಿತು. ಬುತ್ತಿ ಹೊತ್ತು ನಡೆಯುವ ಹೆಜ್ಜೆಗಳು ಕಡಿಮೆಯಾದವು. ಶೆಡ್ಡುಗಳ ಕಡೆಯಿಂದ ಕೆಲವು ದಿನ ಕೆಮ್ಮು, ಮಕ್ಕಳ ಅಳು ಜೋರಾಗಿ ಕೇಳಿ ಅಂಕ ಕುಸಿಯಿತು. ಇನ್ನಷ್ಟು ಕುಸಿದು ಅರವತ್ತಕ್ಕಿಂತ ಕೆಳಗಿಳಿದರೆ ಕಡತ ತಾನಾಗಿಯೇ ಮತ್ತೆ ತೆರೆಯುತ್ತದೆ. ತಾನು ಹೇಳದಿದ್ದರೂ ಅವರ ಅಳುವೇ ಹೇಳುತ್ತದೆ ಎಂದು ಆಸೆಪಟ್ಟ. ಆ ಆಸೆಗೆ ಅವನು ಆಮೇಲೆ ಬಹಳ ನಾಚಿದ.

ಅಳು ನಿಂತಿತು. ಕೆಮ್ಮೂ ನಿಂತಿತು. ಶೆಡ್ಡುಗಳಲ್ಲಿ ಯಾರೂ ಇರಲಿಲ್ಲ. ಗುಂಪುಗುಂಪಾಗಿ ಗೋವೆಗೆ, ಮಂಗಳೂರಿಗೆ, ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಉಳಿದದ್ದು ಮೇಲಿನಕೊಪ್ಪದ ಸಪ್ಪಳ ಮಾತ್ರ. ಮನೆಗೆ ಬೇಕಾದಷ್ಟೇ ರೊಟ್ಟಿ, ದಿನಕ್ಕೆ ಒಂದೇ ಪಾಳಿಯ ಮಗ್ಗ. ನೆಮ್ಮದಿಯ ಊರು ಹೇಗಿರಬೇಕೆಂದು ಯಂತ್ರದಲ್ಲಿ ಬರೆದಿಟ್ಟಿದ್ದರೋ ಹಾಗೆ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ.

"ಸರ್, ತೊಂಬತ್ತನಾಲ್ಕು!" ಎಂದು ಕೂಗಿದಳು ರೇಷ್ಮಾ. "ಇಲ್ಲೀತನಾ ಯಾವ ಊರಿಗೂ ಬಂದಿಲ್ರಿ ಇಷ್ಟು." ಆಮೇಲೆ ಅವನ ಮುಖ ನೋಡಿದಳು. ಮೆಲ್ಲಗೆ ಕೇಳಿದಳು: "ಅವತ್ತು ಸಭೆಯೊಳಗ ಏನೋ ಹೇಳೋರಿದ್ರಿ, ಹೌದಿಲ್ಲೋ?"

ಅವನು ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡ.

ಅಂದು ಮನೆಯಲ್ಲಿ ಮಂದಾಕಿನಿ ಹಿಟ್ಟು ನಾದುತ್ತಿದ್ದಳು. ಶಾಲೆಗೆ ರಜೆ, ಅದಕ್ಕೇ ಮನಸ್ಸಾಯಿತು ಎಂದಳು. ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿದ್ದಂತೆ ಗುರುಪಾದ ಎದ್ದು ಅಂಗಳಕ್ಕೆ ಹೋದ. ಆಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಯಾಕ್ರಿ? ಏನಾತು?"

"ಏನಿಲ್ಲ."

"ಏನೋ ಅದ. ಹೇಳ್ರಿ."

"ಏನಿಲ್ಲ ಅಂದೆನಲ್ಲ."

ಆಕೆ ಒಳಗೆ ಹೋದಳು. ಬಡಿತ ಮತ್ತೆ ಶುರುವಾಗಲಿಲ್ಲ.

*

ಮೂರನೇ ಹೊಳೆ ತುಂಬಿ ಇಳಿದ ಮೇಲೆ ಕಂಬಗಳನ್ನು ಕೀಳುವ ಆದೇಶ ಬಂತು. ಗುರುಪಾದ ತಾನೇ ಹೋಗುತ್ತೇನೆಂದ.

ನಳದ ಕಟ್ಟೆಯ ಮೇಲೆ ಜನ ಕಡಿಮೆ. ಫಕೀರವ್ವ ಅಲ್ಲೇ ಇದ್ದಳು. ಸೊರಗಿಹೋಗಿದ್ದಳು, ಆದರೆ ದನಿ ಅದೇ.

"ಬರ್ರಿ ಸಾಹೇಬ್ರ. ಊಟದ ಹೊತ್ತಿಗೆ ಬಂದೀರಿ, ಶಾಣ್ಯಾರದೀರಿ."

"ಊಟ ಆಗೈತ್ರಿ," ಎಂದು ಸುಳ್ಳು ಹೇಳಿದ. "ಸಂಘ ಹೆಂಗ ನಡದೈತಿ?"

"ಸಂಘ ಎಲ್ಲೀದು? ಬುತ್ತಿ ಒಯ್ಯಾಕ ಆ ಕಡೆ ಮಂದಿನ ಇಲ್ಲ." ಆಕೆ ಕಟ್ಟೆಯ ಮೇಲೆ ಕುಳಿತಳು. "ನಮ್ಮ ಮನಿ ಹಿಟ್ಟಿನಾಗ ಭಾಳ ದಿನ ನಡಸಿದ್ವಿ. ಆಮ್ಯಾಲೆ ನಮ್ಮ ಮಕ್ಕಳ ಗಂಗಾಳಾನ ಬರಿದಾಗಾಕ ಹತ್ತಿದುವು. ಅದನ್ನ ಕಂಡು ಕೆಳಗಿನವರ ಸಾಕಂದ್ರು. ಗೌರವ್ವ ಹುಡುಗರನ್ನ ಕಟಗೊಂಡು ಗೋವಾಕ್ಕ ಹೋದ್ಲು. ಹಂಚ ಶೆಡ್ಡಿನಾಗ ಬಿಟ್ಟು ಹೋಗ್ಯಾಳ. ಒಲಿ ಹಚ್ಚಲಾರದ ಹಂಚ ಹೊರಗ ಒಯ್ಯಬಾರದು ನೋಡ್ರಿ. ಹೊಳಿ ಇಳಿದ ದಿನ ನಾ ಹೋಗಿದ್ನಿ. ಒಲಿ ಹಚ್ಚಿದ್ನಿ, ಒಂದು ರೊಟ್ಟೀನೂ ಬಡದ್ನಿ. ತಿನ್ನಾಕ ಯಾರೂ ಇರಲಿಲ್ಲ. ನಾಯಿಗೆ ಹಾಕಿ ಬಂದ್ನಿ."

ಖಾಜಾಬಿ ಕೊಡ ತುಂಬಿಕೊಂಡು ಹೋದಳು. ಅವಳು ಅಂಗಡಿ ಮುಚ್ಚಿದ್ದಳಂತೆ.

"ಒಂದು ಕೇಳ್ಲೇನ್ರಿ?" ಎಂದಳು ಫಕೀರವ್ವ. ಮೊದಲ ಬಾರಿಗೆ ಆಕೆಯ ದನಿ ತಗ್ಗಿತ್ತು. "ನಾವು ಹೇಳಿದ್ದರಾಗ ಏನರ ತಪ್ಪಿತ್ತೇನ್ರಿ?"

"ಅಂದ್ರ?"

"ದಿನಾ ಹೇಳೀವಿ. ಬಿಡಿಸಿ ಬಿಡಿಸಿ ಹೇಳೀವಿ. ಇನ್ನೊಂದ ಮಳಿಗಾಲ ಸಾಕು ಅಂತನೂ ಹೇಳಿದ್ವಿ. ಅಷ್ಟು ಕೇಳಿನೂ ನಿಮ್ಮ ದೊಡ್ಡವರು ಬ್ಯಾಡ ಅಂದಾರಂದ್ರ, ನಮ್ಮ ಹೇಳಿಕ್ಯಾಗ ಏನೋ ಕೊರತಿ ಇರಬೇಕು. ಖಾಜಾಬಿ ಅಂತಾಳ, ನಾ ನಡುನಡುವ ನಗಚ್ಯಾಟಿಕಿ ಮಾಡತಿದ್ನಿ, ಅದಕ್ಕ ಖರೇ ಅನಿಸಿರಾಕಿಲ್ಲ ಅಂತ. ಹೌದೇನ್ರಿ?"

"ಇಲ್ರಿ," ಎಂದ ಗುರುಪಾದ. "ನಿಮ್ಮದೇನೂ ತಪ್ಪಿಲ್ಲ."

"ಹಂ." ಆಕೆ ನಂಬಲಿಲ್ಲ.

ಅವನು ಕಂಬದ ಹತ್ತಿರ ಹೋಗಿ ಮುಚ್ಚಳ ಬಿಚ್ಚಿದ. ಒಳಗಿನ ಯಂತ್ರವನ್ನು, ಮೈಕನ್ನು ತೆಗೆದು ಚೀಲಕ್ಕೆ ಹಾಕಿದ. ಬುಡದಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು. ಅವನು ಹಾರೆ ಎತ್ತಿಕೊಂಡಾಗ ಫಕೀರವ್ವ ಎದ್ದು ಬಂದಳು.

"ಕಂಬ ಬಿಟ್ಟು ಹೋಗ್ರಿ, ಸಾಹೇಬ್ರ. ಏನರ ತಕರಾರೈತೇನು?"

"ಇಲ್ಲ. ಆದ್ರ ಯಾಕ್ರಿ?"

"ಹೊಳಿ ಜೋಡಿ ಅಂತೂ ಮಾತ ಬಿಟ್ಟೀವಿ," ಎಂದಳು. "ಈಗರ ಸರಿಯಾಗಿ ಹೇಳತೀವಿ. ಮುಂದಿನ ಸಲಕ್ಕರ ಆದೀತು."

ಅವನು ಹಾರೆಯನ್ನು ಜೀಪಿನಲ್ಲಿ ಇಟ್ಟ. ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ಕಂಡಿತು: ಫಕೀರವ್ವ ಸೆರಗನ್ನು ತಲೆಗೆ ಎಳೆದುಕೊಂಡು ಆ ಟೊಳ್ಳು ಕಂಬದ ಎದುರು ನಿಂತಿದ್ದಳು. ನಗದೆ, ಗಡಬಡಿಸದೆ, ಒಂದೊಂದೇ ಮಾತನ್ನು ಆರಿಸಿ ಆರಿಸಿ ಹೇಳುತ್ತಿದ್ದಳು.

ಆ ಕಂಬಕ್ಕೆ ಮಾತು ಕೇಳಿಸುವುದಿಲ್ಲ, ಎಂದೂ ಕೇಳಿಸಿರಲಿಲ್ಲ ಎಂದು ಗುರುಪಾದ ಆಕೆಗೆ ಹೇಳಲಿಲ್ಲ.